ತಕಾರದ ಒತ್ತು ತಡವಾಗಿ ಬಂತು

ತೆಲಂಗಾಣದ ಗಡಿಯೂರು ಮಕ್ತಲಿನ ಆ ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಎಡಿಟರ್ ಎಂದು. ಅಪ್ಪ ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಅವನು ಮಾಡುವ ಕೆಲಸವೇನೆಂದು ಓಣಿಗೆ ಪೂರ್ತಿ ತಿಳಿಯದು. ರಾತ್ರಿ ಎರಡಾದರೂ ಕಿಟಕಿಯಲ್ಲಿ ನೀಲಿ ಬೆಳಕು. ಒಂದೇ ಬಂದೂಕಿನ ಸದ್ದು ಇಪ್ಪತ್ತು ಸಲ ಕೇಳುತ್ತದೆ; ಇಪ್ಪತ್ತೊಂದನೆಯ ಸಲಕ್ಕೆ ಅವನೊಬ್ಬನೇ ಗಹಗಹಿಸಿ ನಗುತ್ತಾನೆ. ಇಷ್ಟು ಸಾಕ್ಷ್ಯದ ಮೇಲೆ ಓಣಿ ತೀರ್ಪು ಕೊಟ್ಟಾಗಿದೆ: ಹುಡುಗ ಒಳ್ಳೆಯವನು, ಆದರೆ ತಲೆಯ ನಟ್ಟು ಒಂದು ಸುತ್ತು ಸಡಿಲ.

ಒಂದು ಮುಂಜಾನೆ ಎದುರು ಮನೆಯ ಮಾಸ್ತರು ನಾಲ್ಕು ಹಾಳೆಯ ಪತ್ರ ಹಿಡಿದು ಬಂದರು. ಗಡಿಭಾಗದ ಕನ್ನಡ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ನಿವೃತ್ತರಾದವರು. ಜೇಬಿನ ಕೆಂಪು ಪೆನ್ನು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಪತ್ರದ ನೆತ್ತಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಮಾನ್ಯ ಸಂಪಾದಕರಿಗೆ. ವಿಷಯ: ಯುವಜನರ ಕಾಗುಣಿತದ ಅಧೋಗತಿ ಕುರಿತು.’

“ತಮ್ಮಾ, ಎಡಿಟರ್ ಆಗೀಯಂತ. ನಮ್ಮ ಓಣ್ಯಾಗ ಒಬ್ಬ ಸಂಪಾದಕ ಇರೋದು ನಮಗೆಲ್ಲ ಹೆಮ್ಮಿ. ಇದನ್ನ ರವಿವಾರದ ಸಂಚಿಕಿಯೊಳಗ ಹಾಕು.”

“ಮಾಸ್ತರ್ರೀ, ನಾ ಪೇಪರ್ ಎಡಿಟರ್ ಅಲ್ರೀ. ವಿಡಿಯೋ ಎಡಿಟರ್.”

“ಹಂಗಂದ್ರ ಏನು ಮಾಡ್ತಿ?”

“ಹುಡುಗರು ಗೇಮ್ ಆಡತಾರ್ರೀ. ಆಡಿ ಸಾಯ್ತಾರ. ಅದನ್ನ ನೋಡಿದೋರಿಗೆ ನಗು ಬರೋ ಹಂಗ ಮಾಡ್ತೀನಿ.”

“ಸಾಯೋದಕ್ಕ?”

ಅಡುಗೆಮನೆಯಿಂದ ಅವ್ವ ಉತ್ತರ ಕೊಟ್ಟಳು: “ಸಂಪಾದಕ ಅಂತ ಹೆಸರು ಬಂದೈತ್ರೀ ಮಾಸ್ತರ್ರೀ. ಸಂಪಾದನಿ ಇನ್ನೂ ಬಂದಿಲ್ಲ.”

ಕೆಲಸ ಹೀಗೆ. ಗದ್ವಾಲದಲ್ಲೊಬ್ಬ, ನಾರಾಯಣಪೇಟೆಯಲ್ಲೊಬ್ಬ, ಕೃಷ್ಣಾ ಹೊಳೆಯಾಚೆಯ ರಾಯಚೂರಿನಲ್ಲೊಬ್ಬ, ಮಕ್ತಲಿನಲ್ಲಿ ಇವನು. ನಾಲ್ವರೂ ಫೋನಿನಲ್ಲಿ ಒಂದೇ ತಂಡವಾಗಿ ಬಿಜಿಎಂಐ ಆಡುತ್ತಾರೆ. ನೂರು ಮಂದಿ ಪ್ಯಾರಾಶೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಒಂದು ತಂಡ ಉಳಿಯುವ ತನಕ ಬಡಿದಾಡುವ ಆಟ ಅದು. ಈ ನಾಲ್ವರು ಆ ಕೊನೆಯನ್ನು ಕಂಡದ್ದು ಅಪರೂಪ. ಒಬ್ಬ ಎಸೆದ ಗ್ರೆನೇಡ್ ಕಿಟಕಿಯ ಚೌಕಟ್ಟಿಗೆ ಬಡಿದು ಅವನ ಕಾಲಬುಡಕ್ಕೇ ಮರಳುತ್ತದೆ. ಇನ್ನೊಬ್ಬ ವೈರಿಗೆ ಹೊಂಚು ಹಾಕಿ ಹುಲ್ಲಿನಲ್ಲಿ ಹತ್ತು ನಿಮಿಷ ಮಲಗಿರುತ್ತಾನೆ. ಎದ್ದು ನೋಡಿದರೆ ಅದು ಮರದ ಬೊಡ್ಡೆ. ಗೆದ್ದವರ ವಿಡಿಯೋಗೆ ಎಡಿಟರ್ ಇಲ್ಲದಿದ್ದರೂ ನಡೆಯುತ್ತದೆ. ಸೋತವರಿಗೆ ಅವನಿಲ್ಲದೆ ಗತಿಯಿಲ್ಲ.

ಅರ್ಧ ಗಂಟೆಯ ಆಟವನ್ನು ಸೆಕೆಂಡಿಗೆ 60 ಚೌಕಟ್ಟಿನಂತೆ ರೆಕಾರ್ಡ್ ಮಾಡಿದರೆ 1,08,000 ಚಿತ್ರಗಳಾಗುತ್ತವೆ. ಅದರಲ್ಲಿ ನಗು ಇರುವುದು ಎಲ್ಲೋ ನಾಲ್ಕು ನಿಮಿಷದಷ್ಟು. ಜೋಳದಲ್ಲಿ ಹರಳು ಆರಿಸುವವರು ಹರಳು ಎಸೆದು ಜೋಳ ಉಳಿಸುತ್ತಾರೆ. ಇವನು ಜೋಳವನ್ನೆಲ್ಲ ಎಸೆದು ಹರಳು ಉಳಿಸಿಕೊಳ್ಳುತ್ತಾನೆ. ಉಸಿರು ಎಳೆದುಕೊಂಡದ್ದು, ‘ಅಂ... ಅದು...’ ಎಂದದ್ದು, ಎಲ್ಲರೂ ಸುಮ್ಮನೆ ಓಡಿದ್ದು, ಎಲ್ಲ ಕಟ್. ಗ್ರೆನೇಡ್ ಕಿಟಕಿಗೆ ಬಡಿದ ಕ್ಷಣಕ್ಕೆ ಚಿತ್ರ ನಿಲ್ಲಬೇಕು, ಎಸೆದವನ ಮುಖದ ಮೇಲೆ ಝೂಮ್ ಆಗಬೇಕು, ಬಣ್ಣ ಇಳಿದು ಕಪ್ಪು ಬಿಳುಪಾಗಬೇಕು, ಶಹನಾಯಿ ಅಳಬೇಕು. ಆಮೇಲೆ ಅರ್ಧ ಸೆಕೆಂಡು ಏನೂ ಇರಬಾರದು. ಆ ‘ಏನೂ ಇಲ್ಲ’ ಎಂಬುದನ್ನು ಸರಿಯಾಗಿ ಕೂರಿಸುವುದಕ್ಕೇ ಅವನಿಗೆ ರಾತ್ರಿ ಎರಡು ಗಂಟೆಯಾಗುವುದು. ಎರಡು ಚೌಕಟ್ಟು ಮೊದಲಾದರೆ ನಗು ಹುಟ್ಟುವುದಿಲ್ಲ, ಎರಡು ಚೌಕಟ್ಟು ತಡವಾದರೆ ಹಳಸುತ್ತದೆ.

ಕಟ್ ಎಂಬುದರ ಚರಿತ್ರೆಯಲ್ಲೂ ಒಂದು ಎಡವಟ್ಟಿನ ಕಥೆಯಿದೆ. 1896ರಲ್ಲಿ ಪ್ಯಾರಿಸಿನ ಬೀದಿಯೊಂದನ್ನು ಚಿತ್ರಿಸುತ್ತಿದ್ದ ಜಾರ್ಜ್ ಮೆಲಿಯೆಸ್‌ನ ಕ್ಯಾಮೆರಾ ನಡುವೆ ಸಿಕ್ಕಿಹಾಕಿಕೊಂಡಿತಂತೆ. ಸರಿಮಾಡಿ ಮತ್ತೆ ತಿರುಗಿಸಿದ. ಪರದೆಯ ಮೇಲೆ ನೋಡಿದರೆ ಹೋಗುತ್ತಿದ್ದ ಬಸ್ಸು ಥಟ್ಟನೆ ಹೆಣದ ಗಾಡಿಯಾಗಿತ್ತು. ಹೀಗೆಂದು ಅವನೇ ಹೇಳಿಕೊಂಡಿದ್ದಾನೆ. ಆಟವನ್ನೇ ಹಾಸ್ಯದ ರಂಗವಾಗಿಸುವ ಕಸುಬಿಗೂ ಈಗ ಎರಡು ದಶಕ ದಾಟಿತು. 2003ರ ಏಪ್ರಿಲ್ 1ರಂದು ಟೆಕ್ಸಾಸಿನ ಕೆಲವು ಗೆಳೆಯರು ‘ಹೇಲೋ’ ಎಂಬ ಆಟದ ಸೈನಿಕರನ್ನು ಯುದ್ಧಕ್ಕೆ ಬಿಡದೆ, ನಿಲ್ಲಿಸಿ ಹರಟೆಗೆ ಹಚ್ಚಿದರು. ‘ರೆಡ್ ವರ್ಸಸ್ ಬ್ಲೂ’ ಎಂಬ ಆ ಸರಣಿ ಶುರುವಾದಾಗ ಯೂಟ್ಯೂಬ್ ಹುಟ್ಟುವುದಕ್ಕೇ ಇನ್ನೂ ಎರಡು ವರ್ಷ ಬಾಕಿ ಇತ್ತು.

ಮಕ್ತಲಿನ ಎಡಿಟರನಿಗೆ ಬಂದ ಸಂಕಟ ಬೇರೆ ಬಗೆಯದು. 2020ರ ಜೂನ್ 29ರಂದು ಸರ್ಕಾರದ ನಿಷೇಧಕ್ಕೆ ಸಿಕ್ಕಿ ಟಿಕ್‌ಟಾಕ್ ಹೋಯಿತು. ಅದರ ದುಃಖ ಆರುವ ಮುನ್ನ ಸೆಪ್ಟೆಂಬರ್ 2ರಂದು ಪಬ್‌ಜಿ ಎಂಬ ಆಟವೂ ಹೋಯಿತು. ಮರುವರ್ಷದ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿಟ್ಟುಕೊಂಡು ಬಂತು. 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಆಟದೊಳಗೆ ಸಾಯುವವರನ್ನು ದಿನಾ ನೋಡುತ್ತಿದ್ದವನು ಆಟವೇ ಎರಡು ಸಲ ಸತ್ತು ಎರಡು ಸಲ ಹುಟ್ಟಿದ್ದನ್ನು ಕಂಡ. ಅವನ ಮುತ್ಯಾ ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿದ: “ಹಂಗಾದ್ರ ನಾಳಿಂದ ಹೊಲಕ್ಕ ಬರ್ತಿ?”

ಮುತ್ಯಾನ ವಿಷಯ ಬಂತು. ತಮಾಷೆಯ ವಿಡಿಯೋದಲ್ಲಿ ನಡುನಡುವೆ ಯಾವುದಾದರೊಂದು ಮುಖ ಇಣುಕಬೇಕು. ತೆಲುಗಿನವರು ಬ್ರಹ್ಮಾನಂದಂ ಮುಖ ಹಾಕುತ್ತಾರೆ, ಕನ್ನಡದವರು ಸಾಧು ಕೋಕಿಲ ಮುಖ. ಆದರೆ ಸಿನಿಮಾ ತುಣುಕು ಹಾಕಿದರೆ ಹಕ್ಕುದಾರರ ಕ್ಲೇಮ್ ಬರುತ್ತದೆ. ಕಾಸು ಬರುವುದಿದ್ದರೆ ಅವರಿಗೆ ಹೋಗುತ್ತದೆ. ಆದ್ದರಿಂದ ಎಡಿಟರ್ ಹಸಿರು ಟವೆಲ್ ಒಂದನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಿ, ಅದರ ಮುಂದೆ ಮುತ್ಯಾನನ್ನು ಕೂರಿಸಿ ಮೂರು ಮುಖ ರೆಕಾರ್ಡ್ ಮಾಡಿಕೊಂಡ: ಒಂದು ಆಕಳಿಕೆ, ಒಂದು ತಲೆ ಅಲ್ಲಾಡಿಸುವುದು, ಒಂದು ತಂಬಾಕು ಉಗುಳಲು ಹೋಗಿ ತಡೆದುಕೊಳ್ಳುವುದು. ಮೂರನೆಯದು ಈಗ ಅವನ ಭಂಡಾರದ ಮುಕುಟಮಣಿ. ಅದಕ್ಕೆ ಯಾವ ಕಂಪನಿಯ ಕ್ಲೇಮೂ ಇಲ್ಲ. ಮುತ್ಯಾನ ಕ್ಲೇಮ್ ಒಂದಿದೆ: ವಾರಕ್ಕೊಂದು ಕಟ್ಟು ಬೀಡಿ.

ಅವ್ವನಿಗಂತೂ ತಾನು ಕಲಾವಿದೆ ಎಂಬುದೇ ಬಹಳ ದಿನ ತಿಳಿದಿರಲಿಲ್ಲ. ಒಂದು ರಾತ್ರಿ ಆಟ ಬಿಸಿಯಾಗಿದ್ದಾಗ “ಉಣ್ಣಾಕ ಬಾರೋ, ರೊಟ್ಟಿ ಆರತಾವ!” ಎಂದು ಕೂಗಿದ್ದು ಮೈಕಿನೊಳಗೆ ಹೋಯಿತು. ಅದೇ ಕ್ಷಣಕ್ಕೆ ಗದ್ವಾಲದವನು ಗುಂಡು ತಿಂದು ಬಿದ್ದ. ಎಡಿಟರ್ ಅದನ್ನು ಅಳಿಸಲು ಹೋಗಿ ಕೈ ತಡೆದ. ಅಂದಿನಿಂದ ಯಾರು ಎಲ್ಲಿ ಸತ್ತರೂ ಅವ್ವ ಕೂಗುತ್ತಾಳೆ, ರೊಟ್ಟಿ ಆರುತ್ತದೆ.

ಇಷ್ಟಾದರೂ ಕೆಲಸದ ಅರ್ಧಭಾಗ ಮುಗಿಯಿತೆನ್ನಬೇಕು, ಅಷ್ಟೆ. ಉಳಿದರ್ಧ ಕುಣಿಯುವ ಅಕ್ಷರಗಳದು. ಇಂಥ ವಿಡಿಯೋವನ್ನು ಮಂದಿ ಬಸ್ಸಿನಲ್ಲಿ, ಕ್ಲಾಸಿನ ಕೊನೇ ಬೆಂಚಿನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಸದ್ದು ಆರಿಸಿ ನೋಡುತ್ತಾರೆ, ಸಬ್‌ಟೈಟಲ್ ಬೇಕೇಬೇಕು. ಸಿನಿಮಾದ ಸಬ್‌ಟೈಟಲ್ ಸಭ್ಯಸ್ಥರದು, ಪರದೆಯ ಬುಡದಲ್ಲಿ ಕೈಕಟ್ಟಿ ನಿಲ್ಲುತ್ತದೆ. ನೆಟ್‌ಫ್ಲಿಕ್ಸ್‌ನ ನಿಯಮದ ಪ್ರಕಾರ ಒಂದು ಸಾಲು ಸೆಕೆಂಡಿನ ಆರರಲ್ಲಿ ಐದು ಭಾಗದಷ್ಟಾದರೂ ನಿಲ್ಲಬೇಕು, 7 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಗೇಮಿಂಗ್ ವಿಡಿಯೋದ ಅಕ್ಷರಗಳಿಗೆ ಅಷ್ಟು ಪುರಸೊತ್ತಿಲ್ಲ. ಮಾತಾಡುವವನ ಬಾಯಿಂದ ಒಂದೊಂದೇ ಪದ ಚಿಮ್ಮಬೇಕು, ಕೂಗಿದರೆ ಉಬ್ಬಬೇಕು, ಹೆದರಿದರೆ ನಡುಗಬೇಕು, ಸುಳ್ಳು ಹೇಳಿದರೆ ಪಕ್ಕಕ್ಕೆ ವಾಲಬೇಕು. ತೆಲಂಗಾಣದ ಊರುಗಳಲ್ಲಿ ಬುರ್ರಕಥೆ ಕಂಡವರಿಗೆ ಇದರ ಗುಟ್ಟು ಹೊಸದಲ್ಲ. ಕಥೆಗಾರನ ಒಂದು ಪಕ್ಕದಲ್ಲಿ ರಾಜಕೀಯದ ಮಾತಿನವನು, ಇನ್ನೊಂದು ಪಕ್ಕದಲ್ಲಿ ಹಾಸ್ಯದವನು. ಕಥೆಗಾರ ಅಳಿಸುವ ಘಟ್ಟಕ್ಕೆ ಬಂದಾಗ ಸರಿಯಾಗಿ ಮೂಗು ತೂರಿಸುವವನು ಆ ಹಾಸ್ಯದವನು. ಈ ವಿಡಿಯೋಗಳಲ್ಲಿ ಸಬ್‌ಟೈಟಲ್ ಅವನ ಜಾಗದಲ್ಲಿ ಬಂದು ನಿಂತಿದೆ. ಆಡುವವನು “ಪ್ಲಾನ್ ಪ್ರಕಾರನ ನಡದೈತಿ” ಎನ್ನುತ್ತಾನೆ. ಕೆಳಗೆ ಅಕ್ಷರಗಳು ‘ಪ್ಲಾನ್ ಇರಲಿಲ್ಲ’ ಎಂದು ತೋರಿಸಿ ಓಡಿಹೋಗುತ್ತವೆ.

ಆದರೆ ಯಾವ ಭಾಷೆಯಲ್ಲಿ ಬರೆಯುವುದು? ಮೊದಲ ಕಂಟಕ ಅಲ್ಲಿಯೇ. ಒಂದು ರೆಕಾರ್ಡಿಂಗಿನ ಮೂರು ಸೆಕೆಂಡಿನ ಮಾತು ಇದು: “ಅರೇ ಭಾಯ್, ಎನಕ ಸೂಡ್ರಾ, ಹಿಂದ ಅದಾನಲೇ, ಮರ್ ಗಯಾ ಮೈ, ಸಚ್ಚಿನ್ರಾ, ಸತ್ತೆನಲೇ!” ಒಬ್ಬನೇ ಮನುಷ್ಯ, ಒಂದೇ ಉಸಿರು, ಒಂದೇ ಸಾವು, ಮೂರು ಭಾಷೆಯಲ್ಲಿ. ನಾರಾಯಣಪೇಟೆಯವನು ಮೈಕಿನ ಹತ್ತಿರವಿದ್ದರೆ ಅಷ್ಟರಲ್ಲೇ ಮರಾಠಿಯ ಒಂದು ‘ಅಗಂಬಾಯಿ’ಯೂ ಸೇರುತ್ತದೆ.

ಇದಕ್ಕೆ ಹುಡುಗರನ್ನು ದೂರಿ ಫಲವಿಲ್ಲ. ಈ ಸೀಮೆಯ ದೊಡ್ಡ ಕಟ್ ಬಿದ್ದದ್ದು 1956ರ ನವೆಂಬರ್ 1ರಂದು. ಅಲ್ಲಿಯ ತನಕ ಗದ್ವಾಲ, ಆಲಂಪುರ ಎರಡೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯ ದಿನ ರಾಯಚೂರು ಮೈಸೂರಿನ ಟೈಮ್‌ಲೈನಿಗೆ ಹೋಯಿತು, ಈ ಎರಡು ತಾಲ್ಲೂಕು ಆಂಧ್ರಪ್ರದೇಶದ ಮಹಬೂಬನಗರದ ಟೈಮ್‌ಲೈನಿಗೆ ಬಂದವು. 2014ರ ಜೂನ್ 2ರಂದು ಮೇಲಿನ ಟೈಟಲ್ ‘ತೆಲಂಗಾಣ’ ಎಂದಾಯಿತು. 2016ರ ಅಕ್ಟೋಬರ್ 11ರಂದು ಗದ್ವಾಲ ಬೇರೆ ಜಿಲ್ಲೆ. 2019ರ ಫೆಬ್ರವರಿ 17ರಂದು ಮಕ್ತಲನ್ನೂ ಸೇರಿಸಿಕೊಂಡು ನಾರಾಯಣಪೇಟೆ ಬೇರೆ ಜಿಲ್ಲೆ. ಗದ್ವಾಲದ ಒಬ್ಬ ಅಜ್ಜ ತನ್ನ ಕಟ್ಟೆ ಬಿಟ್ಟು ಏಳದೆಯೇ ಮೂರು ರಾಜ್ಯ, ಮೂರು ಜಿಲ್ಲೆ ಕಂಡ ಲೆಕ್ಕ. ನಕ್ಷೆಯವರು ಕತ್ತರಿ ಆಡಿಸಿದ್ದು ಥಟ್ಟನೆ. ಮಾತು ಮಾತ್ರ ಕಟ್ ಆಗಲಿಲ್ಲ. ಒಂದು ಚಿತ್ರ ಮಸುಕಾಗುತ್ತ ಇನ್ನೊಂದು ಮೂಡುವುದನ್ನು ಎಡಿಟರುಗಳು ಡಿಸಾಲ್ವ್ ಎನ್ನುತ್ತಾರೆ. ರಾಯಚೂರಿನಿಂದ ಹೊಳೆ ದಾಟಿ ಕೃಷ್ಣಾ, ಮಾಗನೂರು, ಮಕ್ತಲ್ ಎಂದು ಊರೂರು ದಾಟಿ ಬರುವಾಗ ಕಿವಿಗೆ ಆಗುವುದು ಅದೇ. ಕನ್ನಡ ಎಲ್ಲಿ ಇಳಿಯಿತು, ತೆಲುಗು ಎಲ್ಲಿ ಹತ್ತಿತು ಎಂದು ಟಿಕೆಟ್ ಕೊಡುವವನೂ ಹೇಳಲಾರ.

ಎಡಿಟರ್ ಕೊನೆಗೆ ಒಂದು ಉಪಾಯ ಕಂಡುಕೊಂಡ. ಕನ್ನಡಕ್ಕೆ ಹಳದಿ, ತೆಲುಗಿಗೆ ಬಿಳಿ, ದಖನಿ ಉರ್ದು ಮಾತಿಗೆ ತಿಳಿನೀಲಿ. ಲಿಪಿಯೂ ಆಯಾ ಭಾಷೆಯದೇ, ದಖನಿಗೆ ಮಾತ್ರ ಕನ್ನಡ ಲಿಪಿಯೇ ಆಸರೆ. ಮೊದಲ ವಿಡಿಯೋ ಬಂದ ದಿನವೇ ಗದ್ವಾಲದವನು ಫೋನ್ ಮಾಡಿ ಜಗಳ ತೆಗೆದ: “ನಾನು ಮಾತಾಡಿದ್ದರಲ್ಲಿ ಹಳದಿ ಹೆಂಗ ಬಂತು? ನಾನು ತೆಲುಗಿನವನು.” ಈ ಜಗಳವನ್ನು ಆಡಿದ್ದು ಅಚ್ಚ ಕನ್ನಡದಲ್ಲಿ. ಎಡಿಟರ್ ಆ ಫೋನನ್ನೂ ರೆಕಾರ್ಡ್ ಮಾಡಿ, ಪೂರ್ತಿ ಹಳದಿಯಲ್ಲಿ ಹಾಕಿದ.

ಫಾಂಟ್ ಆರಿಸುವಾಗ ಅವನಿಗೊಂದು ಖುಷಿಯ ಸಂಗತಿ ಸಿಕ್ಕಿತು. ಮುಂಬೈಯ ಏಕ್ ಟೈಪ್ ಎಂಬ ಅಕ್ಷರಶಿಲ್ಪಿಗಳ ಬಳಗ ‘ಬಲೂ’ ಎಂಬ ಹೆಸರಿನಲ್ಲಿ ಭಾರತದ ಹಲವು ಲಿಪಿಗಳಿಗೆ ಗುಂಡುಗುಂಡಗಿನ, ತುಂಬುಗೆನ್ನೆಯ ಫಾಂಟುಗಳನ್ನು ಮಾಡಿ ಬಿಟ್ಟಿಯಾಗಿ ಬಿಟ್ಟಿದೆ. ಕನ್ನಡದ್ದಕ್ಕೆ ಹೆಸರು ‘ಬಲೂ ತಮ್ಮ’, ತೆಲುಗಿನದ್ದಕ್ಕೆ ‘ಬಲೂ ತಮ್ಮುಡು’. ಒಂದೇ ವಿಡಿಯೋದಲ್ಲಿ ತಮ್ಮನೂ ತಮ್ಮುಡೂ ಅಕ್ಕಪಕ್ಕ ಕುಣಿಯುತ್ತಾರೆ. ಕಂಪ್ಯೂಟರಿನ ಒಳಗೂ ಇವರದು ನೆರೆಹೊರೆಯ ಸಂಸಾರವೇ. ಯೂನಿಕೋಡ್ ಎಂಬ ಜಗತ್ತಿನ ಅಕ್ಷರಪಟ್ಟಿಯಲ್ಲಿ ತೆಲುಗಿಗೆ 128 ಮನೆ, ಅದರ ಗೋಡೆಗೆ ಗೋಡೆ ಹಚ್ಚಿ ಕನ್ನಡಕ್ಕೆ 128 ಮನೆ. ಒಂದೇ ಹಳೆಯ ಲಿಪಿಯಿಂದ ಕವಲೊಡೆದ ದಾಯಾದಿಗಳು. ತಲೆಕಟ್ಟಿನ ಠೀವಿ ಬೇರೆ.

ಮಾಸ್ತರು ಆ ಪತ್ರ ವಾಪಸ್ ತೆಗೆದುಕೊಂಡು ಹೋಗಿದ್ದರೂ ಸುಮ್ಮನೆ ಕೂತಿರಲಿಲ್ಲ. ಮೊಮ್ಮಗಳ ಫೋನಿನಲ್ಲಿ ಎಡಿಟರನ ವಿಡಿಯೋ ಹಾಕಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಪಾಟಿಯಂಥ ಒಂದು ರಟ್ಟಿನ ಮೇಲೆ ಟಿಪ್ಪಣಿ ಮಾಡಿಕೊಂಡು ಬಂದರು.

“ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ‘ಸತ್‌ತೆ’ ಅಂತ ಬರದೀಯಲ್ಲೋ. ತಕಾರಕ್ಕ ತಕಾರದ ಒತ್ತು ಕೆಳಗ ಬರಬೇಕೋ ಬ್ಯಾಡೋ? ಪಕ್ಕದಾಗ ಯಾಕ ನಿಂತೈತಿ, ಬಸ್ ತಪ್ಪಿದೋರಂಗ?”

ಇದು ಎಡಿಟರನ ಅಜ್ಞಾನವಲ್ಲ, ಸಾಫ್ಟ್‌ವೇರಿನ ಸ್ವಭಾವ. ಇಂಗ್ಲಿಷಿನ ಅಕ್ಷರಗಳು ಸರ್ಕಾರಿ ಕ್ವಾರ್ಟರ್ಸಿನಂತೆ ಸಾಲಾಗಿ ಪಕ್ಕಪಕ್ಕ ನಿಲ್ಲುತ್ತವೆ. ಕನ್ನಡದ್ದು ಕೂಡುಕುಟುಂಬ, ಒಂದರ ತೊಡೆಯ ಮೇಲೆ ಇನ್ನೊಂದು, ತಲೆಯ ಮೇಲೆ ಮತ್ತೊಂದು. ಪ್ರೀಮಿಯರ್ ಪ್ರೊ, ಆಫ್ಟರ್ ಎಫೆಕ್ಟ್ಸ್‌ನಂಥ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಒಳಗೆ ಹೋಗಿ, ಅಕ್ಷರ ಜೋಡಿಸುವ ಎಂಜಿನನ್ನು ‘ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ’ ಎಂಬುದಕ್ಕೆ ಬದಲಿಸಬೇಕಿತ್ತು. ಬದಲಿಸದಿದ್ದರೆ ಒತ್ತಕ್ಷರ ಬೀದಿಗೆ ಬೀಳುತ್ತಿತ್ತು. ಹೀಗಾಗಿ ಮಕ್ತಲಿನ ಕನ್ನಡ ನೆಟ್ಟಗಾಗಬೇಕಾದರೆ ಅರಬ್ಬಿಯ ಪಕ್ಕದ ಸೀಟಿನಲ್ಲಿ ಕೂರಬೇಕಿತ್ತು. ಇದು ತಿಳಿಯುವ ತನಕ ಎಡಿಟರ್ ಪಟ್ಟ ಪಾಡು ನಾಯಿಪಾಡು. ಊರಿನ ಡಿಟಿಪಿ ಅಂಗಡಿಯವನನ್ನು ಕೇಳಿದರೆ ಅವನು ತೆಲುಗಿಗೆ ಅನು, ಕನ್ನಡಕ್ಕೆ ನುಡಿ ಎಂದು ಹಳೆಯ ಫಾಂಟುಗಳ ಮಂತ್ರ ಹೇಳಿಕೊಟ್ಟ. ಲಗ್ನಪತ್ರಿಕೆಗೆ, ಫ್ಲೆಕ್ಸ್ ಬ್ಯಾನರಿಗೆ ಅದು ಸೊಗಸು. ಆದರೆ ಆ ಹಳೆಯ ಕನ್ನಡ ಒಳಗೆ ಇಂಗ್ಲಿಷಿನ ಸಂಕೇತಗಳ ಮೇಲೆ ಮುಖವಾಡ ಹಾಕಿಕೊಂಡದ್ದು. ಫಾಂಟ್ ಬದಲಿಸಿದ ಕೂಡಲೇ ಮುಖವಾಡ ಕಳಚಿ, ‘ಗೆದ್ದೆ’ ಎಂದದ್ದು ಬೆಕ್ಕು ಕೀಬೋರ್ಡಿನ ಮೇಲೆ ನಡೆದಂತೆ ಕಾಣುತ್ತದೆ.

ಎಂಜಿನ್ ಸರಿಯಾದ ಮೇಲೂ ಇನ್ನೊಂದು ಚಮತ್ಕಾರ ಉಳಿದಿತ್ತು. ಟೈಪ್‌ರೈಟರ್ ಎಫೆಕ್ಟ್ ಎಂಬುದೊಂದಿದೆ, ಅಕ್ಷರಗಳು ಒಂದೊಂದಾಗಿ ಟಕಟಕ ಮೂಡುತ್ತವೆ. ನಮ್ಮ ಕಣ್ಣಿಗೆ ‘ಸತ್ತೆ’ ಎರಡೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಐದು ತುಂಡು: ಸ, ತ, ಅರ್ಧ ಮಾಡುವ ಒಂದು ಚಿಹ್ನೆ, ಇನ್ನೊಂದು ತ, ಕೊನೆಗೆ ಎತ್ವ. ಆದ್ದರಿಂದ ಪರದೆಯ ಮೇಲೆ ಮೊದಲು ‘ಸ’, ಆಮೇಲೆ ‘ಸತ’, ಆಮೇಲೆ ‘ಸತ್’, ಆಮೇಲೆ ‘ಸತ್ತ’, ಕಟ್ಟಕಡೆಗೆ ‘ಸತ್ತೆ’ ಎಂದು ಬಂತು. ನಾಲ್ಕನೆಯ ಹಂತವನ್ನು ನೋಡಬೇಕು. ಕ್ಷಣಕಾಲ ಸತ್ತದ್ದು ಬೇರೆ ಯಾರೋ. ಆಡುವವನ ಮುಖದಲ್ಲಿ ಇನ್ನೂ ನಗು. ಮರುಕ್ಷಣ ಎತ್ವ ಬಂದು ತಲೆಯ ಮೇಲೆ ಕೂತಿತು, ಸತ್ತವನು ತಾನೇ ಎಂದು ಗೊತ್ತಾಯಿತು. ಎಡಿಟರ್ ಇಪ್ಪತ್ತೊಂದನೆಯ ಸಲ ನೋಡಿ ನಕ್ಕದ್ದು ಇದಕ್ಕೇ. ಇಂಗ್ಲಿಷಿನಲ್ಲಿ ಗೇಮಿಂಗ್ ವಿಡಿಯೋ ಮಾಡುವ ಕೋಟ್ಯಧಿಪತಿಗಳಿಗೂ ಸಿಗದ ನಗು ಅದು. ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಬಚ್ಚಿಟ್ಟುಕೊಂಡದ್ದು. ಗೆದ್ದ, ಗೆದ್ದೆ. ಬಿದ್ದ, ಬಿದ್ದೆ. ಅವನು ಆ ಎತ್ವವನ್ನು ಹನ್ನೆರಡು ಚೌಕಟ್ಟು ತಡಮಾಡಿ ಬೀಳಿಸಲು ಕಲಿತ.

ಗೆಳೆಯರು ತಮ್ಮ ಆಟದ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ. ರಾಯಚೂರಿನವನ ಪೆನ್‌ಡ್ರೈವ್ ಈಗ ರೈಲಿನಲ್ಲೇ ಬರುತ್ತದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿಲೋಮೀಟರ್ ಹಳಿ ಲೋಕಾರ್ಪಣೆಯಾದಾಗಿನಿಂದ ಆ ಸುಖ. ಗದ್ವಾಲದವನ ಪೆನ್‌ಡ್ರೈವ್ ತರಲು ಮಾತ್ರ ಎಡಿಟರ್ ಬೈಕಿನಲ್ಲೇ ಹೋಗುತ್ತಾನೆ, ನೆಟ್ ನಿಧಾನ ಎಂಬ ನೆಪ ಹೇಳಿ. ನಿಜವಾದ ಕಾರಣ ದಾರಿಯಲ್ಲಿ ಸಿಗುವ ಜೂರಾಲಾ ಅಣೆಕಟ್ಟು, ಅಲ್ಲಿ ಎಣ್ಣೆಯಿಂದ ಆಗತಾನೆ ಎದ್ದ ಹುರಿದ ಮೀನು. ಎಷ್ಟೋ ವಿಡಿಯೋಗಳು ಖಾರಪುಡಿಯ ಬೆರಳಚ್ಚಿನೊಂದಿಗೆ ಮಕ್ತಲ್ ತಲುಪಿವೆ.

ಹೊಲಿಗೆಯ ಜಾಗದಲ್ಲೇ ಸೊಗಸು ಇರುತ್ತದೆ ಎಂಬುದನ್ನು ಈ ಸೀಮೆಯವರು ಸಾಫ್ಟ್‌ವೇರ್ ಬರುವ ಬಹಳ ಮೊದಲೇ ಅರಿತವರು. ಗದ್ವಾಲದ ಗೆಳೆಯನ ಅತ್ತೆಯ ಮನೆಯಲ್ಲಿ ಮಗ್ಗವಿದೆ. ಅಲ್ಲಿಯ ಸೀರೆಯ ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಜಾತಿಯ ನೂಲು; ಒಂದು ಬೆವರು ಕುಡಿಯುತ್ತದೆ, ಇನ್ನೊಂದು ಮಿಂಚುತ್ತದೆ. ಒಡಲಿಗೊಂದು ಲಾಳಿ, ಎರಡು ಬದಿಯ ಅಂಚಿಗೆ ಒಂದೊಂದು ಲಾಳಿ; ಪ್ರತಿ ಹೊಕ್ಕಿನಲ್ಲೂ ಹತ್ತಿಯ ಎಳೆ ರೇಷ್ಮೆಯ ಎಳೆಗೆ ಕೊಕ್ಕೆ ಹಾಕಿಕೊಂಡು ಮರಳುತ್ತದೆ. ಆ ಜೋಡಿಗೆ ಕುಟ್ಟು ಎನ್ನುತ್ತಾರೆ. ಎಡಿಟರ್ ಬೆರಳಿನಿಂದ ಆ ಜೋಡು ತಡವಿ ನೋಡಿದ, ಗಂಟಿಲ್ಲ, ಉಬ್ಬಿಲ್ಲ. “ಜೋಡು ಬಿಟ್ಟರ ಸೀರಿ ಹೋತು” ಎಂದಳು ಅತ್ತೆ. ಇವನು ತನ್ನ ಕೆಲಸದಲ್ಲಿ ಜೋಡು ಎದ್ದು ಕಾಣಬೇಕು, ಕಾಣದಿದ್ದರೆ ನಗು ಬರುವುದಿಲ್ಲ ಎಂದ. ಆಕೆ ಅವನನ್ನು ಮರುಕದಿಂದ ನೋಡಿ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದಳು.

ನಾರಾಯಣಪೇಟೆಯವನ ಮನೆಯ ಮಗ್ಗ ಇನ್ನೊಂದು ರೀತಿಯಲ್ಲಿ ವಿಡಿಯೋಕ್ಕೆ ಬಂತು. ಅವನ ಮೈಕಿನಲ್ಲಿ ಸದಾ ಟಕ್, ಟಕ್. ಸದ್ದು ತೆಗೆಯುವ ಫಿಲ್ಟರ್ ಹಾಕಿದರೆ ಮಗ್ಗದ ಜೊತೆಗೆ ಅವನ ದನಿಯೂ ಹೋಗಿ, ಹೂಜಿಯೊಳಗೆ ಕೂತು ಮಾತಾಡಿದಂತಾಗುತ್ತಿತ್ತು. ತಲೆ ಚಚ್ಚಿಕೊಂಡ ಎಡಿಟರ್ ಒಂದು ದಿನ ಸುಮ್ಮನೆ ಮಗ್ಗದ ತಾಳಕ್ಕೇ ಕಟ್ ಮಾಡತೊಡಗಿದ. ಟಕ್, ಓಡಿದ. ಟಕ್, ಬಾಗಿಲು ತೆರೆದ. ಟಕ್, ಒಳಗೆ ನಾಲ್ವರು. ಟಕ್, ರೊಟ್ಟಿ ಆರತಾವ. ಹಿನ್ನೆಲೆ ಸಂಗೀತ ಬಿಟ್ಟಿ ಸಿಕ್ಕಿತು. ನಾರಾಯಣಪೇಟೆಯ ನೇಕಾರರು ಚೌಕುಳಿ ಸೀರೆಗಳಿಗೆ ಒಂದೊಂದೇ ಸೀರೆಯ ಏಳು ಗಜ ಹಾಸು ಹೂಡುವ ಬದಲು ಒಮ್ಮೆಲೇ ಐವತ್ತಾರು ಗಜ ಹೂಡಿ, ಒಂದೇ ಓಟದಲ್ಲಿ ಎಂಟು ಸೀರೆ ಇಳಿಸುವುದಕ್ಕೆ ಹೆಸರಾದವರು. ಎಡಿಟರ್ ಈ ಲೆಕ್ಕವನ್ನೂ ಹಾಗೆಯೇ ಎತ್ತಿಕೊಂಡ: ಒಂದು ಉದ್ದದ ವಿಡಿಯೋ ಹೂಡುವುದು, ಅದರಿಂದ ಎಂಟು ಶಾರ್ಟ್ಸ್ ಇಳಿಸುವುದು.

ಅಚಾತುರ್ಯ ಆಗದಿರಲು ಅವನೇನು ದೇವರೇ? ಹೊಟ್ಟೆಪಾಡಿಗೆ ಅವನು ಮದುವೆ ವಿಡಿಯೋಗಳನ್ನೂ ಎಡಿಟ್ ಮಾಡುತ್ತಾನೆ, ಅದೇ ಕಂಪ್ಯೂಟರಿನಲ್ಲಿ. ಫೈಲುಗಳ ಹೆಸರು ‘ಫೈನಲ್’, ‘ಫೈನಲ್ ಫೈನಲ್’, ‘ಖರೇನ ಫೈನಲ್’. ಒಂದು ಲಗ್ನಸರಾಯಿಯಲ್ಲಿ ನಿದ್ದೆಗಣ್ಣಿನಲ್ಲಿ ಯಾವ ಫೈನಲ್ಲಿನ ಮೇಲೆ ಯಾವ ಫೈನಲ್ ಕೂತಿತೋ. ಬೀಗರ ಮನೆಯಲ್ಲಿ ಟಿವಿ ಮುಂದೆ ಐವತ್ತು ಮಂದಿ. ಅಕ್ಕಿಕಾಳು ಬೀಳುತ್ತಿವೆ, ವಾಲಗ ಗಟ್ಟಿಯಾಗುತ್ತಿದೆ, ಮದುಮಗ ತಾಳಿಗೆ ಕೈ ಹಾಕಿದ. ಚಿತ್ರ ನಿಂತಿತು. ಬಣ್ಣ ಇಳಿಯಿತು. ಮದುಮಗನ ಮುಖಕ್ಕೆ ಝೂಮ್. ಹಳದಿ ಅಕ್ಷರಗಳು ಒಂದೊಂದಾಗಿ ನಡುಗುತ್ತ ಇಳಿದವು: ಸ, ಸತ, ಸತ್, ಸತ್ತ. ಹನ್ನೆರಡು ಚೌಕಟ್ಟು ನಿಶ್ಶಬ್ದ. ‘ಸತ್ತೆ!’ ಮೂಲೆಯಲ್ಲಿ ಮುತ್ಯಾ ಬಂದು ತಂಬಾಕು ಉಗುಳಲು ಹೋಗಿ ತಡೆದುಕೊಂಡ. ಹಿಂದಿನಿಂದ ಅವ್ವ ಕೂಗಿದಳು, ಉಣ್ಣಾಕ ಬಾರೋ, ರೊಟ್ಟಿ ಆರತಾವ.

ಮದುಮಗನ ಅಪ್ಪ ಬಾಕಿ ಹಣ ತಡೆಹಿಡಿದರು. ಹುಡುಗಿಯ ಕಡೆಯವರು ಆ ಜಾಗವನ್ನು ಮೂರು ಸಲ ಹಿಂದೆ ತಿರುಗಿಸಿ ನೋಡಿದರು. ರಾತ್ರಿ ಹನ್ನೊಂದಕ್ಕೆ ಮದುಮಗನೇ ಗುಟ್ಟಾಗಿ ಮೆಸೇಜ್ ಹಾಕಿದ: ಅಷ್ಟೇ ತುಂಡು ವಾಟ್ಸಾಪಿಗೆ ಕಳಿಸು. ಗದ್ವಾಲದ ಸೀರೆಯನ್ನು ಮಡಿಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ ಎಂಬ ಹಳೆಯ ಹೆಮ್ಮೆಯ ಮಾತೊಂದಿದೆಯಲ್ಲ, ಎಡಿಟರ್ ಆ ವಿಡಿಯೋವನ್ನು ಮಡಿಚಿ ಮಡಿಚಿ ಅಷ್ಟಕ್ಕಿಳಿಸಿದ. ಅಕ್ಷತೆ ಯಾವುದು, ಚುಕ್ಕಿ ಯಾವುದು ತಿಳಿಯದಷ್ಟು ಚಿತ್ರ ಒಡೆದಿತ್ತು. ‘ಸತ್ತೆ’ ಮಾತ್ರ ಸ್ಫಟಿಕದಂತೆ ಓದಬಹುದಾಗಿತ್ತು, ಒತ್ತು ತನ್ನ ಜಾಗದಲ್ಲೇ.

ಆ ತುಂಡು ಕೈಯಿಂದ ಕೈಗೆ ಹೋಗಿ ಮಾಸ್ತರರ ಮೊಮ್ಮಗಳ ಫೋನಿಗೂ ಬಂತು. ಮರುದಿನ ಮಾಸ್ತರು ಮತ್ತೆ ಹಾಜರ್. ಎಡಿಟರ್ ಬೈಗುಳಕ್ಕೆ ತಯಾರಾಗಿ ನಿಂತ. ಅವರು ಹೇಳಿದ್ದು ಬೇರೆ. ಮೊಮ್ಮಗಳು ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಓದುವವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಆ ತುಂಡನ್ನು ನಲವತ್ತು ಸಲ ನೋಡಿ, ತಕಾರಕ್ಕೆ ಒತ್ತು ಹೇಗೆ ಬರುತ್ತದೆಂದು ಪಾಟಿಯ ಮೇಲೆ ತಾನೇ ಬರೆದು ತೋರಿಸಿದಳಂತೆ.

ಮಾಸ್ತರಿಗೆ ಇದು ಪವಾಡ. ಲೋಕಕ್ಕೆ ಅಷ್ಟು ಹೊಸದಲ್ಲ. ಮ್ಯಾಕ್ಸ್ ಮತ್ತು ಡೇವ್ ಫ್ಲೈಶರ್ ಎಂಬ ಅಮೆರಿಕದ ಅಣ್ಣತಮ್ಮಂದಿರು 1920ರ ದಶಕದಲ್ಲೇ ಪರದೆಯ ಮೇಲಿನ ಹಾಡಿನ ಪದಗಳ ನೆತ್ತಿಯ ಮೇಲೆ ಒಂದು ಚೆಂಡನ್ನು ಪುಟಿಸಿ, ಥಿಯೇಟರಿನ ಮಂದಿಯನ್ನೆಲ್ಲ ಹಾಡಿಸಿದ್ದರು. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಸರಳ ಯೋಚನೆ ಹಿಡಿದು ಕೆಲಸ ಶುರುಮಾಡಿದರು: ಟಿವಿಯ ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯಲ್ಲಿ ಪದಗಳನ್ನು ತೋರಿಸಿದರೆ, ಅಷ್ಟಿಷ್ಟು ಅಕ್ಷರ ಬಲ್ಲವರು ಗೊತ್ತಿಲ್ಲದೆಯೇ ಓದು ಕಲಿಯುತ್ತಾರೆ. ಕಿವಿಗೆ ಬಿದ್ದ ಪದ ಕಣ್ಣಿಗೂ ಬೀಳುತ್ತದೆ, ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ. ಕೊಠಾರಿಯವರು ಸಿನಿಮಾ ಹಾಡುಗಳಿಂದ ಮಾಡಿಸಿದ್ದನ್ನು ಇಲ್ಲಿ ಒಬ್ಬ ಮದುಮಗನ ಮುಖ ಮಾಡಿತ್ತು.

“ಹಂಗಾದ್ರ ಈ ಪತ್ರನೂ ಕುಣಸು” ಎಂದು ಮಾಸ್ತರು ಅದೇ ನಾಲ್ಕು ಹಾಳೆಗಳನ್ನು ಮೇಜಿನ ಮೇಲಿಟ್ಟರು.

ಹಸಿರು ಟವೆಲಿನ ಮುಂದೆ ಕುರ್ಚಿ ಹಾಕಿದ್ದಾಯಿತು. ಮಾಸ್ತರು ಕೋಟು ತೊಟ್ಟು ಬಂದಿದ್ದರು. ಪತ್ರವನ್ನು ವಿರಾಮಚಿಹ್ನೆ ಸಹಿತ ಓದಿದರು. ಹನ್ನೆರಡು ನಿಮಿಷ ಹಿಡಿಯಿತು. ಎಡಿಟರ್ ಮೂರು ದಿನ ಕೂತು ಅದನ್ನು ಐವತ್ತು ಸೆಕೆಂಡಿಗೆ ಇಳಿಸಿದ. ‘ಅಧೋಗತಿ’ ಎಂಬ ಪದ ಮಾಸ್ತರರ ಬಾಯಿಂದ ಹೊರಟು, ಕೋಟಿನ ಗುಂಡಿಗಳ ಮೇಲೆ ಒಂದೊಂದೇ ಮೆಟ್ಟಿಲು ಇಳಿದಂತೆ ಉರುಳಿ, ಕೆಳಗೆ ಬಿದ್ದು, ಧೂಳೆಬ್ಬಿಸಿತು. ‘ಒತ್ತಕ್ಷರ’ ಎಂದಾಗ ಎಲ್ಲ ಅಕ್ಷರ ಬಂದು ನಿಂತವು, ಎರಡು ಒತ್ತುಗಳಷ್ಟೇ ಬರಲಿಲ್ಲ. ಮಾಸ್ತರು ಕನ್ನಡಕದ ಮೇಲಿಂದ ದಿಟ್ಟಿಸಿದರು. ಹನ್ನೆರಡು ಚೌಕಟ್ಟಾದ ಮೇಲೆ ಅವೆರಡೂ, ತಡವಾಗಿ ಶಾಲೆಗೆ ಬಂದ ಹುಡುಗರ ಹಾಗೆ, ಬಗ್ಗಿಕೊಂಡು ಓಡಿಬಂದು ತಮ್ಮ ಜಾಗದಲ್ಲಿ ಕೂತವು.

ಮಾಸ್ತರು ಕಂಪ್ಯೂಟರಿನ ಹತ್ತಿರಕ್ಕೆ ಬಾಗಿ ಅದನ್ನು ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಕೈ ಮಾತ್ರ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು, ಪರದೆಯ ತನಕ ಬಂತು, ಅಲ್ಲಿ ಗಾಜು ಇದೆಯೆಂದು ನೆನಪಾಗಿ ನಿಂತಿತು.

“ಆ ಕೊನೀದು ಷಕಾರದ ಒತ್ತು... ಇನ್ನೊಂಚೂರು ತಡ ಮಾಡಿಸು. ಲಾಸ್ಟ್ ಬೆಂಚಿನವ ಅಂವಾ.”

ಎಡಿಟರ್ ಎರಡು ಚೌಕಟ್ಟು ಸರಿಸಿದ. ಅಡುಗೆಮನೆಯಿಂದ ಕೂಗು ಬಂತು: “ಮಾಸ್ತರ್ರೀ, ನೀವೂ ಬರ್ರಿ, ರೊಟ್ಟಿ ಆರತಾವ!” ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು.